ಕೋಳಿಗೆ ಜ್ವರ ಬರಲಿ ಎಂದು ಕಾದವರು

ನಿಮ್ಮಲ್ಲಿ ಯಾರಿಗಾದರೂ ಇಂಥ ನೌಕರಿ ಸಿಕ್ಕಿತ್ತೇ, ಹೇಳಿ. ಬೆಳಿಗ್ಗೆ ಕೆಲಸಕ್ಕೆ ಹೋಗುವುದು, ಮೂಲೆಯಲ್ಲಿ ಪುಕ್ಕ ಉಬ್ಬಿಸಿಕೊಂಡು ನಡುಗುತ್ತಿರುವ ಕೋಳಿಯನ್ನು ನೋಡಿ ಖುಷಿಪಡುವುದು. ಅದೇ ಕೋಳಿ ಚುರುಕಾಗಿ ಕಾಳು ಹೆಕ್ಕುತ್ತಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುವುದು. ನನಗೆ ಸಿಕ್ಕಿತ್ತು. ಸರ್ಕಾರ ಅದಕ್ಕೆ ಸಂಬಳವನ್ನೂ ಕೊಟ್ಟಿತು, ಈಗ ಪಿಂಚಣಿಯನ್ನೂ ಕೊಡುತ್ತಿದೆ.

ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಹಾರ ಹಾಕಿದರು ಎಂಬುದೆಲ್ಲ ಇಲ್ಲಿಲ್ಲ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾದ್ದಿಲ್ಲ. ಈಗ ನಿಮ್ಮ ಹತ್ತಿರ ಗಾಜಿನ ಡಬ್ಬಿ ಇದೆ. ರಕ್ತದ ತಟ್ಟೆಗಳನ್ನು ಒಳಗಿಟ್ಟು, ಮೇಣದಬತ್ತಿ ಹಚ್ಚಿ, ಮುಚ್ಚಳ ಹಾಕುತ್ತೀರಿ. ಒಳಗಿನ ಗಾಳಿ ತೀರಿ ಬತ್ತಿ ತಾನೇ ಆರುತ್ತದೆ, ಮಲೇರಿಯಾದ ಕ್ರಿಮಿಗಳು ಆ ತಟ್ಟೆಯಲ್ಲೇ ಸಂಸಾರ ಹೂಡಿ ತಿಂಗಳುಗಟ್ಟಲೆ ಬೆಳೆಯುತ್ತವೆ. ನಾನು ನಿವೃತ್ತನಾಗುವ ಹೊತ್ತಿಗೆ ಇದನ್ನು ಮೊದಲ ಸಲ ಕಂಡಾಗ, ನಮ್ಮ ಜವಾನ ಖಾಜಾಮಿಯಾ ಇರಬೇಕಿತ್ತು ಅನ್ನಿಸಿತು. ಅವನಾದರೆ ‘ಇಷ್ಟಕ್ಕ ನಾವು ಕೋಳಿ ಹಿಂದ ಓಡಾಡಿದ್ವೇನ್ರಿ?’ ಎಂದು ಕೇಳಿರುತ್ತಿದ್ದ.

ನಾನು ಸೇರಿದ್ದು ಪೋಲೀಸ್ ಆಕ್ಷನ್ ಆದ ಮೇಲೆ. ನಿಜಾಮರ ಆಳ್ವಿಕೆ ಮುಗಿದಿತ್ತು, ಹೈದರಾಬಾದ್ ರಾಜ್ಯ ಮಾತ್ರ ಇನ್ನೂ ಇತ್ತು. ಬೀದರಿನ ಹಳೇ ಊರೊಳಗೆ, ಯಾರೋ ಜಾಗೀರದಾರರು ಬಿಟ್ಟುಹೋದ ಒಂದು ಹವೇಲಿಯಲ್ಲಿ ನಮ್ಮ ಪುಟ್ಟ ಪ್ರಯೋಗಶಾಲೆ. ಬಾಗಿಲ ಮೇಲೆ ಮಲೇರಿಯಾ ದವಾಖಾನೆ ಎಂಬ ಹಲಗೆ. ಬಾಟಲಿಗಳ ಮೇಲೆ ಉರ್ದು, ಮೇಲಿನಿಂದ ಬರುವ ಹುಕುಮು ಇಂಗ್ಲಿಷು, ಸಾಹೇಬರ ಬೈಗುಳ ಮರಾಠಿ, ಜ್ವರ ಬಂದವರ ನರಳಾಟ ಕನ್ನಡ. ಈ ನಾಲ್ಕೂ ಬಂದರೆ ಕೆಲಸ ಬಂದಂತೆಯೇ.

ಸಾಹೇಬರೆಂದರೆ ಡಾಕ್ಟರ್ ದೇಶಪಾಂಡೆ. ಮೂಗಿನಲ್ಲಿ ಸದಾ ನಶ್ಯ, ತಲೆಯಲ್ಲಿ ಸದಾ ಒಂದೇ ಕನಸು: ಮಲೇರಿಯಾ ಕ್ರಿಮಿಯನ್ನು ಗಾಜಿನ ನಳಿಗೆಯಲ್ಲಿ ಬೆಳೆಸಬೇಕು. ಭಾಲ್ಕಿ ಕಡೆಯಿಂದ ಬಂದ ಜ್ವರದವರ ರಕ್ತವನ್ನು ಒಂದಿಷ್ಟು ತೆಗೆದು, ಗ್ಲೂಕೋಸ್ ಬೆರೆಸಿ, ನಳಿಗೆಗೆ ಹಾಕಿ ಬಿಸಿನೀರಿನಲ್ಲಿ ಇಡುತ್ತಿದ್ದರು. ನೀರು ಮೈಬಿಸಿಗಿಂತ ತುಸು ಹೆಚ್ಚು ಬೆಚ್ಚಗಿರಬೇಕು, ಅಷ್ಟೇ. ಕರೆಂಟು ಬಂದರೆ ಬಂತು. ಆದ್ದರಿಂದ ಕೆಳಗೆ ಸೀಮೆಎಣ್ಣೆ ದೀಪ, ಪಕ್ಕದಲ್ಲಿ ಖಾಜಾಮಿಯಾ. ಬತ್ತಿ ಏರಿಸುವುದು, ಇಳಿಸುವುದು ಅವನ ಕೆಲಸ. ಕ್ರಿಮಿಗಳು ಒಂದು ಪೀಳಿಗೆ ಚೆನ್ನಾಗಿ ಬೆಳೆಯುತ್ತಿದ್ದವು, ಆಮೇಲೆ ಸತ್ತೇಹೋಗುತ್ತಿದ್ದವು. ಪ್ರತಿ ಸಲವೂ ಹಾಗೇ.

“ಸಾಬ್, ಮನಷ್ಯಾರ ಹೊಟ್ಟ್ಯಾಗ ಇರೋರನ್ನ ತಂದು ಬಾಟ್ಲ್ಯಾಗ ಹಾಕಿದ್ರ ಮನಸಿಗಿ ಬ್ಯಾಸರ ಆಗಲ್ದೇನ್ರಿ?” ಎನ್ನುತ್ತಿದ್ದ ಖಾಜಾಮಿಯಾ.

“ಹೊಟ್ಟ್ಯಾಗ ಅಲ್ಲೋ, ರಕ್ತದಾಗ!”

“ಎಲ್ಲೇ ಇರ್ಲಿ ಸಾಬ್, ಮನಿ ಮನೀನೇ.”

ಅದಕ್ಕೇ ಕೋಳಿ. ಕೋಳಿಗೂ ಅದರದೇ ಒಂದು ಮಲೇರಿಯಾ ಇದೆ. ನಮ್ಮದು ಅದಕ್ಕೆ ಬರುವುದಿಲ್ಲ, ಅದರದು ನಮಗೆ ಬರುವುದಿಲ್ಲ, ದೂರದ ದಾಯಾದಿಗಳು. ಹೊಸ ಔಷಧಿ ಬಂದರೆ ಮೊದಲು ಕೋಳಿಯ ಮೇಲೆ ನೋಡುತ್ತಿದ್ದರು, ಹೊಸಬರಿಗೆ ಸೂಕ್ಷ್ಮದರ್ಶಕದಲ್ಲಿ ಕ್ರಿಮಿ ಗುರುತಿಸುವುದನ್ನೂ ಅದರಲ್ಲೇ ಕಲಿಸುತ್ತಿದ್ದರು. ಸಾಹೇಬರು ಜ್ವರದ ಕೋಳಿಯೊಂದನ್ನು ಹೈದರಾಬಾದಿನಿಂದ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ಜ್ವರ ಏರಿದಾಗ ಅದರ ರೆಕ್ಕೆಯ ನರದಿಂದ ಹನಿ ರಕ್ತ ತೆಗೆದು ಆರಾಮಿರುವ ಮರಿಗೆ ಚುಚ್ಚುವುದು. ಅದಕ್ಕೆ ಜ್ವರ ಬಂದರೆ ಅದರಿಂದ ಮತ್ತೊಂದಕ್ಕೆ. ಹೀಗೆ ಮರಿಯಿಂದ ಮರಿಗೆ ದಾಟಿಸುತ್ತ ಆ ಕ್ರಿಮಿಯ ತಳಿಯನ್ನು ಉಳಿಸಬೇಕು. ಒಂದು ಸಲ ತಪ್ಪಿದರೆ ತಳಿಯೇ ಹೋಯಿತು. ಖಾಜಾಮಿಯಾ ಅವನ್ನು ‘ಖಾನ್‌ದಾನಿ ಕೀಡೆ’ ಎನ್ನುತ್ತಿದ್ದ. ಅವನ ಪಾಲಿಗೆ ಅವು ಮನೆತನಸ್ಥರು.

ಖಾಜಾಮಿಯಾ ಎಂಥವನೆಂದು ತಿಳಿಯಬೇಕಾದರೆ ಹಲಬರ್ಗಾದ ಕಥೆ ಹೇಳಬೇಕು. ಅಲ್ಲಿಗೆ ಜನರ ರಕ್ತ ಪರೀಕ್ಷೆಗೆ ಹೋಗಿದ್ದೆವು. ಸರ್ಕಾರ ನಮಗೆ ಖಾಕಿ ಬಟ್ಟೆ ಕೊಟ್ಟಿತ್ತು. ಆ ಕಾಲದಲ್ಲಿ ಖಾಕಿ ಕಂಡರೆ ಇದು ಯಾವ ಖಾಕಿ ಎಂದು ಕೇಳುತ್ತ ಯಾರೂ ನಿಲ್ಲುತ್ತಿರಲಿಲ್ಲ. ಮೊದಲು ನಿಜಾಮರ ಪರದ ರಜಾಕಾರರು, ಆಮೇಲೆ ಭಾರತದ ಫೌಜು. ಜನ ಎರಡನ್ನೂ ನೋಡಿದ್ದರು. ನಮ್ಮ ಜೀಪಿನ ಸದ್ದು ಕೇಳಿದ್ದೇ ತಡ, ಊರಿಗೆ ಊರೇ ಜೋಳದ ಹೊಲ ಹೊಕ್ಕಿತು. ಕಟ್ಟೆಯ ಹತ್ತಿರ ಉಳಿದದ್ದು ಒಬ್ಬ ಮುದುಕ, ಒಂದು ಎಮ್ಮೆ.

ಖಾಜಾಮಿಯಾ ಖಾಕಿ ಅಂಗಿ ಬಿಚ್ಚಿ ಎಸೆದು, ಬನಿಯನ್ನಿನಲ್ಲಿ ಬೇವಿನ ಗಿಡದ ಕೆಳಗೆ ಕೂತ. “ಶಿವರಾಜಪ್ಪಾ, ಮೊದಲ ನನಗ ಚುಚ್ಚು” ಎಂದು ಬೆರಳು ಚಾಚಿದ. ಚುಚ್ಚಿದೆ. ಅವನು ಹೊಟ್ಟೆಗೆ ಚೂರಿ ಬಿದ್ದವನಂತೆ ಕೂಗಿ ನೆಲದ ಮೇಲೆ ಹೊರಳಾಡಿದ.

“ಅರೆ ಮರ್ ಗಯಾ! ಹಲಬರ್ಗಾದೋರೇ, ನನ್ನ ಹೇಂತಿಗಿ ಹೇಳ್ರಿ, ಇನ್ನೊಬ್ಬನ್ನ ಮಾಡ್ಕೊಳ್ಳಂತ ಹೇಳ್ರಿ!”

ಮುದುಕ ಬೊಚ್ಚುಬಾಯಿ ಬಿಟ್ಟು ನಕ್ಕ. ಜೋಳದ ಒಳಗಿಂದ ಕಿಸಕ್ಕನೆ ಒಂದು ಸದ್ದು. ಒಂದೊಂದೇ ತಲೆ ಮೇಲೆದ್ದಿತು. ಒಬ್ಬ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತಳು.

“ಇಷ್ಟೇ ಇಷ್ಟ ರಕ್ತಕ್ಕ ಹಿಂಗ ಒದರ್ಲಾಕತ್ತಿಯಲ್ಲ, ನೀ ಗಂಡಸೇನೋ?”

“ನಿನ್ನಂಥ ಗಟ್ಟಿ ಎದಿ ನನಗೆಲ್ಲಿಂದ ಬರ್ಬೇಕವ್ವಾ. ನೀ ಬೆರಳ ಕೊಡು, ನೋಡಮು!”

ಕೊಟ್ಟಳು. ಆಕೆಯ ಹಿಂದೆ ಊರೇ ಸಾಲು ನಿಂತಿತು. ರಕ್ತ ಹಚ್ಚಿದ ಗಾಜಿನ ಪಟ್ಟಿಗಳನ್ನು ಒಣಗಲು ಸಾಲಾಗಿ ಇಟ್ಟೆವು. ಆದರೆ ಮೇಲೆ ಏನೂ ಮುಚ್ಚಿರಲಿಲ್ಲ. ನೊಣಗಳು ಬಂದು ಅರ್ಧ ಊರಿನ ರಕ್ತವನ್ನು ನೆಕ್ಕಿ ಹೋದವು. ಸಾಹೇಬರು ಮರಾಠಿಯಲ್ಲಿ ಆಡಿದ ಮಾತನ್ನು ಇಲ್ಲಿ ಬರೆಯಲಾಗದು. ಹೊಸಬರೇ, ಪಟ್ಟಿ ಒಣಗಿಸುವಾಗ ಮುಚ್ಚಿಡಿ. ನೊಣಕ್ಕೆ ನಿಮ್ಮ ಪರೀಕ್ಷೆಯ ಮೇಲೆ ಗೌರವವಿಲ್ಲ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಹೊಸ ಸರ್ಕಾರ ಹಳೇ ನೌಕರರನ್ನು ಕಡಿಮೆ ಮಾಡುತ್ತಿತ್ತು. ನಮ್ಮಲ್ಲೂ ಒಬ್ಬ ಜವಾನ ಸಾಕು, ನಿಜಾಮ ಕಾಲದವನನ್ನು ತೆಗೆಯಿರಿ ಎಂದು ಹೈದರಾಬಾದಿನಿಂದ ಹೇಳಿಕಳಿಸಿದರು. ನಿಜಾಮ ಕಾಲದವನೆಂದರೆ ಖಾಜಾಮಿಯಾನೇ. ಸಾಹೇಬರು ಅವನನ್ನು ಬಿಡಲೊಲ್ಲದೆ ಒಂದು ಉಪಾಯ ಹೂಡಿದರು. ಇಲ್ಲಿ ಅಪರೂಪದ ಕ್ರಿಮಿ ತಳಿಯೊಂದಿದೆ, ಆ ಕೋಳಿಗಳನ್ನು ನೋಡಿಕೊಳ್ಳಲು ಈತನೇ ಬೇಕು ಎಂದು ಉತ್ತರಿಸಿದರು. ‘ಹಾಗಾದರೆ ನಾನೇ ಬಂದು ನೋಡುತ್ತೇನೆ’ ಎಂದರು ಅಲ್ಲಿಯ ದೊಡ್ಡ ಅಧಿಕಾರಿಗಳು. ಅಂದರೆ ಲೆಕ್ಕ ಸರಳವಾಯಿತು: ಕೋಳಿಗೆ ಜ್ವರವಿದ್ದರೆ ಖಾಜಾಮಿಯಾನಿಗೆ ನೌಕರಿ. ಇಲ್ಲದಿದ್ದರೆ ಇಲ್ಲ.

ಅದೇ ಹೊತ್ತಿಗೆ ಜ್ವರದ ಮರಿಗಳು ಒಂದಾದ ಮೇಲೊಂದು ಸತ್ತು, ತಳಿ ಹೊತ್ತ ಕೋಳಿ ಒಂದೇ ಉಳಿಯಿತು. ದಾಟಿಸಲು ಹೊಸ ಮರಿ ಬೇಕು. ಬೀದರಿನ ಪೇಟೆಯಲ್ಲಿ ಆಗ ಕೋಳಿಗಳಿಗೆ ಬೇರೆ ರೋಗ ಬಿದ್ದಿದ್ದರಿಂದ ನಾನು ಔರಾದಿನ ಆಚೆ ಚಿಂತಾಕಿಗೆ ಹೋದೆ. ಅಲ್ಲಿ ಒಬ್ಬಾಕೆ ಬುಟ್ಟಿ ತುಂಬ ಮರಿ ಇಟ್ಟುಕೊಂಡಿದ್ದಳು.

“ಇಷ್ಟ ಸಣ್ಣ ಮರಿ ತಿನ್ನಲಾಕ ಬರ್ತಾವೇನ್ರಿ?”

“ತಿನ್ನಲಾಕ ಅಲ್ಲವ್ವ.”

“ಮತ್ತ?”

ನಾನು ಸತ್ಯವಂತ. “ಜ್ವರ ಹಚ್ಚಲಾಕ” ಎಂದೆ.

ಆಕೆ ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡಳು. “ಕೊಯ್ದು ತಿಂತೇನಿ ಅನ್ನು, ಕೊಡ್ತೇನಿ. ಜ್ವರ ಹಚ್ಚವರಿಗಿ ಕೊಡಂಗಿಲ್ಲ. ಹೋಗ್!”

ಮರಿ ಸಿಗಲು ವಾರವಿಡೀ ಊರಿಂದೂರು ಅಲೆಯಬೇಕಾಯಿತು. ಕಡೆಗೆ ಇನ್ನೊಬ್ಬರ ಹತ್ತಿರ ‘ಸಾಕಲಾಕ’ ಎಂದು ಸುಳ್ಳು ಹೇಳಿ ಮೂರು ಮರಿ ತಂದೆ. ಬಸ್ಸಿನಲ್ಲಿ ಬುಟ್ಟಿ ಹಿಡಿದು ಕೂತಿದ್ದಾಗ ಊರು ಸೇರಿದರೆ ಸಾಕಪ್ಪ ಅನ್ನಿಸುತ್ತಿತ್ತು.

ಸೇರಿದೆ. ಗೂಡು ಖಾಲಿ.

ನಾನು ಹೊರಟ ಮರುದಿನವೇ ಕೋಳಿ ಮಾಯವಾಗಿತ್ತಂತೆ. ಗೂಡಿನ ಬಾಗಿಲು ಮುರಿದಿಲ್ಲ, ಬೆಕ್ಕು ಬಂದ ಗುರುತಿಲ್ಲ, ಒಂದು ಪುಕ್ಕವೂ ಬಿದ್ದಿಲ್ಲ. ಹಿತ್ತಲಲ್ಲಿ ನಮ್ಮ ಗುಮಾಸ್ತ ವಿಠಲರಾವ್ ಗಂಟಲು ಹರಿಯುವಂತೆ ಕೂಗುತ್ತಿದ್ದ.

“ಮುರ್ಗಿ ಎಲ್ಲಿ ಹೋಗ್ತದ್ರಿ ಸಾಹೇಬ್ರ? ಇವನ ಮನಿ ಒಲಿಗಿ ಕೇಳ್ರಿ, ಅದು ಹೇಳ್ತದ!”

ಖಾಜಾಮಿಯಾ ನಗುತ್ತಲೇ ಶುರುಮಾಡಿದ. “ವಿಠಲರಾವ್‌ ಸಾಬ್, ಬುಖಾರ್ ಬಂದ ಮುರ್ಗಿ ಯಾರ್ ತಿಂತಾರ್ರಿ? ಅದೂ ಸೂಜಿ ಚುಚ್ಚಿ ಚುಚ್ಚಿ ಜರಡಿ ಮಾಡಿದ್ದು. ನನ್ನ ಹೇಂತಿ ಕೈಯಾಗ ಆರಾಮಿದ್ದ ಮುರ್ಗೀನೇ ಜಡ್ಡ ಬಿದ್ದಂಗ ಆಗ್ತದ.”

ಯಾರೂ ನಗಲಿಲ್ಲ. ಸಾಹೇಬರು ನಶ್ಯದ ಡಬ್ಬಿ ತೆಗೆದರು, ಸೇದದೆ ಮುಚ್ಚಿದರು. “ಖಾಜಾ, ನಾ ನಂಬ್ತೇನೋ. ಆದರ ದೊಡ್ಡ ಸಾಹೇಬ್ರು ಬಂದು ಕೋಳಿ ಎಲ್ಲಿ ಅಂದ್ರ ಏನು ಹೇಳ್ಲಿ?” ಗೂಡಿನ ಬೀಗದ ಕೈಯನ್ನು ಆಗಲೇ ಅವನಿಂದ ಇಸಿದುಕೊಂಡಿದ್ದರು.

ಖಾಜಾಮಿಯಾ ತನ್ನ ಬರಿಗೈ ನೋಡಿಕೊಂಡ. “ಗಲಾಟಿ ಟೈಮಿನಾಗ ನಮ್ಮವರ ಮ್ಯಾಗ ಏನೇನೋ ಬಂತು ಸಾಬ್. ನನ್ನ ಮ್ಯಾಗ ಒಂದ್ ಕೋಳಿ ಬರೋದು ಬಾಕಿ ಇತ್ತು” ಅಂದ.

ಆಗ ಬೀದಿಯಲ್ಲಿ ಗದ್ದಲ ಕೇಳಿಸಿತು.

ನಮ್ಮ ಹಿತ್ತಲ ಗೋಡೆಯ ಆಚೆ ಗುರಮ್ಮಾಯಿಯ ಮನೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಊರಿಗೆಲ್ಲ ಹಿರಿಯಳು. ಆಕೆಯ ಮನೆಯಲ್ಲಿ ಮೊಟ್ಟೆಯ ಮಾತೆತ್ತುವುದೂ ಇರಲಿಲ್ಲ. ನಮ್ಮ ಹಿತ್ತಲ ಕಡೆಯಿಂದ ಗಾಳಿ ಬೀಸಿದರೆ ಕಿಟಕಿ ಮುಚ್ಚುವಾಕೆ. ಆ ಗುರಮ್ಮಾಯಿ ಹಾಡುಹಗಲಲ್ಲಿ, ನಡುಬೀದಿಯಲ್ಲಿ, ಸೆರಗಿನೊಳಗೆ ಒಂದು ಕೋಳಿಯನ್ನು ಅವುಚಿಕೊಂಡು ಬರುತ್ತಿದ್ದಳು. ಕೋಳಿ ಸೆರಗಿನಿಂದ ತಲೆ ಹೊರಹಾಕಿ ಎಲ್ಲರನ್ನೂ ನೋಡುತ್ತಿತ್ತು. ಓಣಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು.

ಎದುರಿನ ದರ್ಜಿ ತಡೆಯಲಾರದೆ ಕೇಳಿಯೇಬಿಟ್ಟ: “ಆಯೀ, ಇವತ್ತ ಮನ್ಯಾಗ ಏನ್ ಸಾರ್ರಿ?”

“ನಿನ್ನ ನಾಲಿಗಿ ಸಾರೋ! ಉಣ್ಣಲಾಕ ಬಾ, ಮೊದಲ ಅದನ್ನ ಕೊಯ್ದುಕೊಂಡು ಬಾ!”

ಆಕೆ ನಡಿಗೆ ನಿಲ್ಲಿಸದೆ ನಮ್ಮ ಅಂಗಳಕ್ಕೆ ಬಂದಳು. “ಯಾರದು ಖಾಜಾನ ಮ್ಯಾಗ ಕಳವು ಹೊರಸಿದವರು? ಗ್ವಾಡಿ ಕಂಡ್ಯಾಗ ಎಲ್ಲಾ ಕೇಳೀನಿ. ಕೋಳಿ ಒಯ್ದಾಕಿ ನಾ! ನಮ್ಮ ದನದ ಕೊಟ್ಟಗ್ಯಾಗ ಇಟ್ಟಿದ್ದೆ.”

ವಿಠಲರಾವ್ ಬಾಯಿ ಮುಚ್ಚಿದ. ಸಾಹೇಬರು ಬಾಯಿ ತೆರೆದರು. “ಆಯೀ… ನೀವ್ಯಾಕ ಒಯ್ದ್ರಿ?”

“ಜಡ್ಡ ಬಿದ್ದಿತ್ತಲ್ಲ! ದಿನಾ ಕಂಡ್ಯಾಗಿಂದ ನೋಡ್ತಿದ್ದೆ. ಕಣ್ಣ ಮುಚ್ಚಿ ಗಡಗಡ ನಡಗಲಾಕತ್ತಿತ್ತು. ನೀವು ಬರ್ತೀರಿ, ನೋಡ್ತೀರಿ, ಬರಕೋತೀರಿ, ಹೋಗ್ತೀರಿ. ಒಂದ್ ಗುಳಿಗಿ ಇಲ್ಲ, ಒಂದ್ ಗುಟುಕ ಕಷಾಯ ಇಲ್ಲ. ಬಾಗಲಿಗಿ ದವಾಖಾನಿ ಅಂತ ಹಲಗಿ ಹೊಡದೀರಿ. ದವಾ ಕೊಡಲಿಲ್ಲಂದ್ರ ಅದ್ಯಾವ ದವಾಖಾನಿರಿ? ಖಾಜಾ ಬೀಗ ತಗದಿಟ್ಟು ನೀರಿಗಿ ಹೋದಾಗ ಚಿಲಕ ತಗದು ಒಯ್ದೆ.”

“ಏನು ಕೊಟ್ರಿ ಅದಕ್ಕ?” ಸಾಹೇಬರ ದನಿ ಸಣ್ಣದಾಗಿತ್ತು.

“ನನಗ ಜ್ವರ ಬಂದಾಗ ನೀವಾ ಕೊಟ್ಟಿದ್ದ ಕ್ವಿನೈನ್ ಗುಳಿಗಿ. ಅರದು, ಬೆಲ್ಲ ಹಾಕಿ, ಜ್ವಾಳದ ನುಚ್ಚಿನಾಗ ಕಲಿಸಿ ತಿನಿಸೀನಿ. ಇವ ಶಿವರಾಜ ನನಗ ಎಷ್ಟ ಭಾಷಣ ಹೊಡದಿದ್ದ, ಆಯೀ ಅರ್ಧಕ್ಕ ಬಿಡಬ್ಯಾಡ್ರಿ ಪೂರಾ ಮುಗಸ್ರಿ ಅಂತ. ಪೂರಾ ಮುಗಿಸೀನಿ, ನೋಡ್ರಿ ಹ್ಯಾಂಗ ಆಗ್ಯದ!”

ಕೆಳಗೆ ಬಿಟ್ಟಳು. ಕೋಳಿ ಅಂಗಳದ ತುಂಬ ಓಡಾಡಿತು, ಕಾಳು ಹೆಕ್ಕಿತು, ವಿಠಲರಾವನ ಚಪ್ಪಲಿಯನ್ನೂ ಕುಕ್ಕಿತು. ನಾವೆಲ್ಲ ಅದರ ಆರೋಗ್ಯವನ್ನು ನೋಡುತ್ತ ಹೆಣದ ಮುಂದೆ ನಿಂತವರಂತೆ ನಿಂತೆವು.

ಅದರ ರಕ್ತದ ಹನಿಯನ್ನು ಪಟ್ಟಿಗೆ ಹಚ್ಚಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಹುಡುಕಿದೆ. ಈ ತುದಿಯಿಂದ ಆ ತುದಿಯವರೆಗೆ ಹುಡುಕಿದೆ. ಒಂದು ಕ್ರಿಮಿಯೂ ಇಲ್ಲ. ನಾನು ಎಷ್ಟೋ ಜನರಿಗೆ ಗುಳಿಗೆ ಕೊಟ್ಟಿದ್ದೇನೆ. ಇಷ್ಟು ಶಿಸ್ತಾಗಿ ಯಾರೂ ಗುಣವಾಗಿರಲಿಲ್ಲ.

ಖಾಜಾಮಿಯಾನ ಮೇಲಿನ ಕಳವಿನ ಅಪವಾದ ಹೋಯಿತು. ಆದರೆ ನೌಕರಿ? ಕ್ರಿಮಿಯಿಲ್ಲ, ತಳಿಯಿಲ್ಲ; ತಳಿಯಿಲ್ಲದ ಮೇಲೆ ಕೋಳಿ ಕಾಯುವವನು ಯಾಕೆ? ಇದನ್ನು ಗುರಮ್ಮಾಯಿಗೆ ಬಿಡಿಸಿ ಹೇಳಿದಾಗ ಆಕೆ ಕಟ್ಟೆಯ ಮೇಲೆ ಕುಸಿದು ಕೂತಳು. “ಕೋಳಿ ಆರಾಮ ಆದ್ರ ಇವನ ಅನ್ನ ಹೋಗ್ತದೇನು? ಇದೆಂಥಾ ಸರ್ಕಾರನೋ ಯಪ್ಪಾ!”

ಆಗ ಸಾಹೇಬರು ನಶ್ಯ ಏರಿಸಿ, ಸೀನಿ, ತಲೆಯೆತ್ತಿದರು. “ಜ್ವರ ಹೋಗ್ಯದ. ಕ್ರಿಮಿ ಪೂರಾ ಹೋಗ್ಯದ ಅಂತ ಯಾರು ಹೇಳಿದ್ರು?” ಎಂದರು. ಕೋಳಿಯ ಈ ರೋಗ ಬಲು ಕಿಲಾಡಿ. ಗುಳಿಗೆ ರಕ್ತವನ್ನು ತೊಳೆದರೂ ಕ್ರಿಮಿಗಳು ಮೈಯೊಳಗೆ ಬೇರೆಡೆ ಅಡಗಿ ಕೂರುತ್ತವೆ. ಅಲ್ಲಿಂದ ಒಂದೋ ಎರಡೋ ರಕ್ತಕ್ಕೆ ಬರುತ್ತಿರುತ್ತವೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇದೇ ಕೋಳಿಯ ರಕ್ತವನ್ನು ತುಸು ಹೆಚ್ಚು ತೆಗೆದು ನಾನು ತಂದ ಮೂರು ಮರಿಗೂ ಚುಚ್ಚಿದರೆ, ಅದೃಷ್ಟವಿದ್ದರೆ, ಒಂದಕ್ಕಾದರೂ ಜ್ವರ ಬರಬಹುದು.

“ಏನು, ಮತ್ತ ಸೂಜಿ?” ಗುರಮ್ಮಾಯಿ ಕೋಳಿಯನ್ನು ಎತ್ತಿ ಮತ್ತೆ ಸೆರಗಿಗೆ ಹಾಕಿಕೊಂಡಳು.

“ಒಂದ್ ಸಲ ಆಯೀ. ಖಾಜಾನ ಸಲುವಾಗಿ.”

ಆಕೆ ಖಾಜಾಮಿಯಾನ ಕಡೆ ನೋಡಿದಳು, ಕೋಳಿಯ ಕಡೆ ನೋಡಿದಳು. ಆಮೇಲೆ ಕರಾರು ಹಾಕಿದಳು. “ಇದು ಇನ್ನ ಗೂಡಿಗಿ ಹೋಗಂಗಿಲ್ಲ. ಆ ಮರಿಗೋಳಿಗಿ ಜ್ವರ ಬಂದ್ರ, ನಿಮ್ಮ ರಕ್ತ ನೀವು ತಗೊಂಡಿಂದ ಅವಕ್ಕೂ ಗುಳಿಗಿ ಕೊಡಬೇಕು. ಹೂಂ ಅಂದ್ರ ಸೂಜಿ, ಇಲ್ಲಂದ್ರ ನಾ ಹೊಂಟೆ.”

ವೈದ್ಯಕೀಯದ ದೊಡ್ಡ ದೊಡ್ಡ ಪದವಿ ಪಡೆದ ನಮ್ಮ ಸಾಹೇಬರು ಕೈಮುಗಿದು “ಹೂಂ” ಎಂದರು. ಆ ಕರಾರನ್ನು ನಮ್ಮಲ್ಲಿ ಕೊನೆಯವರೆಗೂ ಪಾಲಿಸಿದೆವು. ರಕ್ತ ದಾಟಿಸಿದ ಮೇಲೆ ಮರಿಗೆ ಗುಳಿಗೆ; ಗುಣವಾದದ್ದು ಖಾಜಾಮಿಯಾನ ಹಿತ್ತಲಿಗೆ. ಇದರಿಂದ ಬದುಕಿದ ಕೋಳಿಗಳಲ್ಲಿ ಅಡಗಿದ ಕ್ರಿಮಿಯೂ ಇರುತ್ತಿದ್ದುದರಿಂದ ನಮಗೆ ತಳಿ ಕಳೆದುಹೋಗುವ ಭಯವೇ ತಪ್ಪಿತು. ‘ಇವು ಪಿನ್ಷನ್ ಮ್ಯಾಗ ಬಂದಾವ, ಯಾರೂ ಮುಟ್ಟಬ್ಯಾಡ್ರಿ’ ಎಂದು ಖಾಜಾಮಿಯಾ ತನ್ನ ಮನೆಯವರಿಗೆ ತಾಕೀತು ಮಾಡುತ್ತಿದ್ದ.

ಆದರೆ ಅದೆಲ್ಲ ಆಮೇಲೆ. ಆಗ ಮೂರು ಮರಿಗಳಿಗೆ ಚುಚ್ಚಿ ಕಾಯತೊಡಗಿದೆವು. ಮರಿಗಳು ಕುಣಿಯುತ್ತಿದ್ದವು. ನಾನು ದಿನವೂ ಪಟ್ಟಿ ನೋಡುತ್ತಿದ್ದೆ, ತಲೆಯಾಡಿಸುತ್ತಿದ್ದೆ. ಖಾಜಾಮಿಯಾ ಮಸೀದಿಗೆ ಹೋಗಿ ಬಂದು ಗೊಣಗಿದ: “ಕೋಳಿಗಿ ಬುಖಾರ್ ಬರ್ಲಿ ಅಂತ ದುವಾ ಮಾಡ್ರಿ ಅಂದ್ರ ಮುಲ್ಲಾಸಾಬ್ ನನ್ನ ಹಣಿ ಮುಟ್ಟಿ ನೋಡಿದ್ರು, ನಿನಗಾ ಬಂದದೇನೋ ಅಂತ.” ಗುರಮ್ಮಾಯಿಯ ಕಷ್ಟ ಇನ್ನೂ ದೊಡ್ಡದು. ಗೋಡೆಯ ಕಂಡಿಯಲ್ಲಿ ಮುಖವಿಟ್ಟು ನನ್ನನ್ನು ಕೇಳಿದಳು: “ತಮ್ಮಾ, ಪೂಜಿ ಮುಂದ ಕೂತು ನಾ ಏನಂತ ಬೇಡ್ಕೊಳ್ಳಲೋ? ಮರಿ ಆರಾಮಿರ್ಲಿ ಅಂದ್ರ ಇವ ಕೆಡ್ತಾನ. ಇವ ಉಳೀಲಿ ಅಂದ್ರ ಅವು ನಡಗ್ತಾವ.”

“ನೀವು ಸುಮ್ಮ ಕೂಡ್ರಿ ಆಯೀ. ನೀವು ಏನೂ ಮಾಡದಿದ್ರ ಸಾಕು” ಎಂದೆ.

ದೊಡ್ಡ ಅಧಿಕಾರಿಗಳು ಬಂದೇಬಂದರು. ಕೋಟು, ಟೈ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲ. ಕುರ್ಚಿಯಲ್ಲಿ ಕೂತವರೇ “ಎಲ್ಲಿ ನಿಮ್ಮ ತಳಿ? ತೋರಿಸಿ” ಎಂದರು. ಸಾಹೇಬರು ಚಹಾ ತರಿಸಿ, ಬೀದರಿನ ಕೋಟೆಯ ಇತಿಹಾಸ ಶುರುಮಾಡಿ, ನನ್ನ ಕಡೆ ಕಣ್ಣು ಮಿಟುಕಿಸಿದರು. ಆ ಬೆಳಗಿನ ಪಟ್ಟಿಗಳು ನನ್ನ ಮುಂದಿದ್ದವು. ಮೊದಲ ಮರಿ: ಏನೂ ಇಲ್ಲ. ಎರಡನೆಯದು: ಏನೂ ಇಲ್ಲ. ಇತಿಹಾಸ ಬಹಮನಿಯರನ್ನು ದಾಟಿ ಬರೀದ್ ಶಾಹಿಗಳವರೆಗೆ ಬಂದಿತ್ತು. ಚಹಾ ತಳ ಕಂಡಿತ್ತು. ಬಾಗಿಲ ಬಳಿ ಖಾಜಾಮಿಯಾ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತಿದ್ದ.

ಮೂರನೆಯ ಪಟ್ಟಿ. ಕೋಳಿಯ ರಕ್ತಕಣ ಮೊಟ್ಟೆಯಾಕಾರ, ನಡುವೆ ಒಂದು ಬೀಜ. ಸಾಲು ಸಾಲು ಖಾಲಿ ಕಣಗಳು ಸರಿದುಹೋದವು. ಆಮೇಲೆ ಒಂದರಲ್ಲಿ, ಬೀಜದ ಪಕ್ಕದಲ್ಲೇ, ನೀಲಿ ಉಂಗುರ. ಉಂಗುರಕ್ಕೆ ಕೆಂಪು ಹರಳು. ತುಸು ಆಚೆ ಇನ್ನೊಂದು.

“ಬಂತ್ರೀ! ಜ್ವರ ಬಂತು!” ಎಂದು ಕೂಗಿಬಿಟ್ಟೆ.

ದೊಡ್ಡ ಅಧಿಕಾರಿಗಳು ಯಾರಿಗೋ ಏನೋ ಆಯಿತೆಂದು ಎದ್ದು ನಿಂತರು. ಖಾಜಾಮಿಯಾ ಓಡಿಬಂದು ಸಿಕ್ಕವರನ್ನು ತಬ್ಬಿಕೊಂಡ, ಸಿಕ್ಕವನು ವಿಠಲರಾವ್. ಬಿಡಿಸಿಕೊಳ್ಳಲು ಅವನೂ ಅವಸರ ಮಾಡಲಿಲ್ಲ.

ಅಧಿಕಾರಿಗಳು ಬಹಳ ಹೊತ್ತು ಕಣ್ಣಿಟ್ಟು ನೋಡಿದರು. “ಒಳ್ಳೇ ತಳಿ. ಇವನ್ನು ನೋಡಿಕೊಳ್ಳುವವರು ಯಾರು?”

ಸಾಹೇಬರು ಖಾಜಾಮಿಯಾನನ್ನು ಮುಂದೆ ತಳ್ಳಿದರು.

“ಹೇಗಿದೆ ಮರಿ?” ಎಂದು ಅಧಿಕಾರಿಗಳು ಕೇಳಿದರು.

ಖಾಜಾಮಿಯಾ ಟೋಪಿ ಸರಿಪಡಿಸಿಕೊಂಡು ಎದೆಯ ಮೇಲೆ ಕೈಯಿಟ್ಟ. “ಹುಜೂರ್, ಅಲ್ಲಾನ ಮೆಹರ್ಬಾನಿ. ಭಾಳ ಜಡ್ಡದ.”

ಅಧಿಕಾರಿಗಳು ಆ ದಿನ ನಕ್ಕದ್ದು ಅದೊಂದೇ ಸಲ. “ಇವರು ಇರಲಿ” ಎಂದರು. ಆ ಮಾತು ಮುಗಿಯುವ ಮೊದಲೇ ಹಿತ್ತಲ ಗೋಡೆಯಾಚೆಯಿಂದ ಒಂದು ದನಿ ಬಂತು:

“ನೋಡೋದು ಆಯ್ತಿಲ್ರಿ? ಇನ್ನ ಗುಳಿಗಿ ಕೊಡ್ರಿ ಅದಕ್ಕ!”

ಕೊಟ್ಟೆವು. ಬೆಲ್ಲ ಹಾಕಿಯೇ ಕೊಟ್ಟೆವು.

ನಿಮ್ಮ ಕಚೇರಿಯಲ್ಲೂ ಇಂಥದ್ದು ನಡೆದಿದ್ದೀತು. ನೀವು ಜೋಪಾನ ಮಾಡಿದ್ದನ್ನು ಯಾರೋ ಒಳ್ಳೇ ಮನಸ್ಸಿನಿಂದಲೇ ಕೆಡಿಸಿರಬಹುದು. ಜೊತೆಯವನ ಮೇಲೆ ಸುಳ್ಳು ಬಿದ್ದಾಗ ಯಾರೋ ತಮ್ಮ ಮಾನ ಮರ್ಯಾದೆ ಬದಿಗಿಟ್ಟು ನಡುಬೀದಿಗೆ ಇಳಿದಿರಬಹುದು. ಅದನ್ನು ಬರೆದು ನನಗೂ ತಿಳಿಸಿ. ಊರಿನ ಹೆಸರು ಬೇಕಾದರೆ ಬದಲಿಸಿ, ಅವರು ಆಡಿದ ಮಾತನ್ನು ಮಾತ್ರ ತಿದ್ದದೆ ಹಾಗೇ ಇಡಿ.